ಬಾಲಕ್ಕೊಂದು ಗಂಟು ನೀಲಿ

ಬಿಳಿ ಕುದುರೆಯ ಬಾಲ ಹಳದಿಯಾಗುವುದು ರಾತ್ರಿ ಹೊತ್ತಿನಲ್ಲಿ. ಹಗಲಿನ ಧೂಳು ಒಣಧೂಳು. ಕೊಡವಿದರೆ, ಬಾಚಿದರೆ ಉದುರಿಹೋಗುತ್ತದೆ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತೂಕಡಿಕೆಯ ಮಟ್ಟಿಗೆ ಆ ಮಾತು ಸರಿ. ಗಾಢ ನಿದ್ದೆ ಬೇಕೆಂದರೆ ಅದೂ ಸ್ವಲ್ಪ ಹೊತ್ತು ನೆಲಕ್ಕೆ ಮೈ ಚಾಚಲೇಬೇಕು. ಆಗ ಕೆಳಗಿನ ಹುಲ್ಲು ಒದ್ದೆಯಾಗಿದ್ದರೆ ಬಾಲ ಅದರಲ್ಲೇ ನೆನೆಯುತ್ತಾ ಬಿದ್ದಿರುತ್ತದೆ. ದೊಡ್ಡ ಕುದುರೆಯೊಂದು ದಿನಕ್ಕೆ 5ರಿಂದ 15 ಲೀಟರಿನಷ್ಟು ಉಚ್ಚೆ ಹೊಯ್ಯುತ್ತದೆ. ಅದರಲ್ಲಿ ಗಾಳಿ ತಗುಲಿದ ಮೇಲೆ ಕಂದುಗೆಂಪಿಗೆ ತಿರುಗುವ ವಸ್ತುಗಳೂ ಇರುತ್ತವೆ. ಹೆಣ್ಣು ಕುದುರೆಯಾದರೆ ಕಷ್ಟ ಇನ್ನೂ ಹೆಚ್ಚು, ಅದರ ಉಚ್ಚೆ ಬರುವುದೇ ಬಾಲದ ಕೆಳಗಿನಿಂದ. ಮದುವೆಯ ಮೆರವಣಿಗೆಗೆ ಜನ ಕೇಳುವುದೂ ಬಿಳಿಯ ಹೆಣ್ಣು ಕುದುರೆಯನ್ನೇ.

ಬೆಂಗಳೂರಿನ ಹಲಸೂರಿನಲ್ಲಿ ಮಡಿವಾಳರ ಮನೆಯ ಹುಡುಗನೊಬ್ಬ ಇದನ್ನೆಲ್ಲ ಕಲಿತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಶಿವಾಜಿನಗರದ ಒಂದು ಲಾಯದಲ್ಲಿ. ಈಗ ಅರವತ್ತು ದಾಟಿದ ಅವರು ಬಟ್ಟೆ ಒಗೆಯುವ ಕಸುಬನ್ನು ಹಿಡಿಯಲಿಲ್ಲ. ಸಂಬಳದ ಕೆಲಸದಲ್ಲಿದ್ದು ನಿವೃತ್ತರಾದರು. ಆದರೆ ಆ ಲಾಯದ ವಿಷಯ ಬಂದರೆ ಇಂದಿಗೂ ಅವರ ಬೆರಳುಗಳು ಗಾಳಿಯಲ್ಲೇ ಕೂದಲು ಬಿಡಿಸತೊಡಗುತ್ತವೆ.

ಅವರ ತಂದೆ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಹಲಸೂರಿನಿಂದ ಶಿವಾಜಿನಗರದವರೆಗೆ ಮನೆಮನೆಗೆ ಒಗೆದ ಬಟ್ಟೆ ಮುಟ್ಟಿಸುತ್ತಿದ್ದರು. ದಾರಿಯಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯೊಂದರಲ್ಲಿ ಒಬ್ಬ ಜಟಕಾ ಗಾಡಿಯವರ ಲಾಯ. ಎರಡು ಕೆಂಚು ಕುದುರೆ ಗಾಡಿಗೆ, ಒಂದು ಬಿಳಿ ಹೆಣ್ಣು ಕುದುರೆ ಮದುವೆಗೆ. ಆ ಬಿಳಿಯದರ ಹೆಸರು ಮೋತಿ. ಆಟೋಗಳ ಮುಂದೆ ಜಟಕಾದ ಸಂಪಾದನೆ ಸೊರಗುತ್ತಿದ್ದ ಕಾಲವದು. ಮದುವೆ ಸೀಸನ್ನಿನ ಬಾಡಿಗೆಯಿಂದಲೇ ಉಳಿದೆರಡರ ಹುರುಳಿ, ಹುಲ್ಲು ನಡೆಯಬೇಕಿತ್ತು. ಹುಡುಗನಿಗೆ ಆ ಗಾಡಿಯವರು ಚಾಚಾ. ತಂದೆಗೆ ಸಾಬರು.

ಒಂದು ದಿನ ಗಂಟು ಇಳಿಸುತ್ತಾ ತಂದೆ ಮೋತಿಯ ಬಾಲವನ್ನೇ ನೋಡಿ ಹೇಳಿದ್ದರಂತೆ: "ಮದುವೆ ಗಂಡಿನ ಶೇರ್ವಾನಿ ನಾನು ಬೆಳ್ಳಗೆ ಮಾಡಿ ಕೊಡ್ತೀನಿ. ಹಿಂದೆ ಬಾಲ ಹಿಂಗಿದ್ರೆ ಏನು ಚೆಂದ ಸಾಬರೇ?" ಚಾಚಾ ಬೇಜಾರಿನಿಂದಲೇ, "ಏನ್ ಮಾಡೋದು ಅಣ್ಣಾ, ಬ್ಲೀಚಿಂಗ್ ಪೌಡರ್ ಕೂಡ ಹಾಕಿದೆ, ಇನ್ನೂ ಹಳದಿ ಆಯ್ತು" ಅಂದರು.

ಮಡಿವಾಳನಿಗೆ ಅದು ಹೊಸ ಸುದ್ದಿಯಲ್ಲ. ಹತ್ತಿ ಬಟ್ಟೆಯನ್ನು ಬೆಳ್ಳಗೆ ಮಾಡುವ ಬ್ಲೀಚಿಂಗ್ ಪೌಡರ್ ಉಣ್ಣೆಯನ್ನು ಹಳದಿ ಮಾಡುತ್ತದೆ, ಪುಡಿಯಾಗುವಷ್ಟು ಪೆಡಸು ಮಾಡುತ್ತದೆ. ಹತ್ತಿ ಗಿಡದ ನಾರು. ಉಣ್ಣೆ, ರೇಷ್ಮೆ, ಕೂದಲು ಇವೆಲ್ಲ ಪ್ರಾಣಿಯ ಮೈಯಿಂದ ಬಂದವು, ಪ್ರೋಟೀನಿನವು. ಕ್ಲೋರಿನ್ ಆ ಪ್ರೋಟೀನನ್ನೇ ಕೆಡಿಸುತ್ತದೆ. ಮಡಿವಾಳರಿಗೆ ರಸಾಯನಶಾಸ್ತ್ರದ ಹೆಸರುಗಳು ಬೇಕಿರಲಿಲ್ಲ; ಕಂಬಳಿ, ರೇಷ್ಮೆ ಸೀರೆಗಳನ್ನು ಉಬ್ಬೆಗೆ ಹಾಕಬಾರದು ಎಂಬುದು ಅವರ ಮನೆಯ ಮಕ್ಕಳಿಗೂ ಗೊತ್ತು. ಚೌಳುಮಣ್ಣಿನ ಖಾರ, ಉಬ್ಬೆಯ ಹಬೆ, ಕಲ್ಲಿನ ಮೇಲಿನ ಬಡಿತ ಈ ಮೂರನ್ನೂ ತಡೆದುಕೊಳ್ಳುವುದು ಹತ್ತಿ ಮಾತ್ರ. "ಬಾಲ ಅಂದ್ರೆ ಕಂಬಳಿ ಅಂದ್ಕೊಳ್ಳಿ" ಎಂದ ತಂದೆ ಮುಂದಿನ ವಾರ ಬರುವಾಗ ಜೇಬಿನಲ್ಲಿ ಅಂಟುವಾಳದ ಕಾಯಿ, ಬಟ್ಟೆಯ ತುಂಡಿನಲ್ಲಿ ಕಟ್ಟಿದ ನೀಲಿಯ ಗಂಟು ಹಿಡಿದು ಬಂದರು. ಜೊತೆಗೆ ಮಗ.

ಸೀಗೆಕಾಯಿ ಏಕೆ ಬೇಡ ಎಂದು ಹುಡುಗ ಅಂದೇ ಕೇಳಿದ್ದ. ಸೀಗೆಪುಡಿ ಕೂದಲಿನ ಸಂದಿಯಲ್ಲಿ ಕೂತು ಬಿಳಿಗೆ ಕಂದು ನೆರಳು ಕೊಡುತ್ತದೆ. ಕಪ್ಪು ತಲೆಗೂದಲಿಗೆ ಅದು ಕಾಣುವುದಿಲ್ಲ, ಬಿಳಿ ಬಾಲಕ್ಕೆ ಎದ್ದು ಕಾಣುತ್ತದೆ. ಅಂಟುವಾಳದ ನೊರೆಯನ್ನು ಸೋಸಿ ಬಳಸಿದರೆ ತೊಳೆದಾಗ ಪೂರ್ತಿ ಬಿಟ್ಟುಹೋಗುತ್ತದೆ.

ಕೆಲಸ ಶುರುವಾಗುತ್ತಿದ್ದುದು ನೀರಿನಿಂದಲ್ಲ, ಬೆರಳಿನಿಂದ. ಕುದುರೆಯ ನೇರ ಹಿಂದೆ ನಿಲ್ಲಬಾರದು, ಪಕ್ಕದಲ್ಲಿ ಅದರ ತೊಡೆಗೆ ಮೈ ತಾಗಿಸಿ ನಿಲ್ಲಬೇಕು. ಎಲ್ಲಿದ್ದೇವೆಂದು ಅದಕ್ಕೆ ಗೊತ್ತಿದ್ದರೆ ಬೆಚ್ಚಿ ಒದೆಯುವುದಿಲ್ಲ. ಬಾಲದ ಮಧ್ಯಕ್ಕೆ ಎಡಗೈಯಲ್ಲಿ ಹಿಡಿದು, ಬುಡಕ್ಕೆ ಎಳೆತ ಬೀಳದಂತೆ ನೋಡಿಕೊಂಡು, ಬಲಗೈಯ ಬೆರಳುಗಳಿಂದ ತುದಿಯ ಸಿಕ್ಕು ಮೊದಲು, ಆಮೇಲೆ ಅದರ ಮೇಲಿನದು, ಹೀಗೆ ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಾ ಹೋಗಬೇಕು. ಬುಡದಿಂದ ಬಾಚಣಿಗೆ ಹಾಕಿ ಎಳೆದರೆ ಹಿಡಿ ಕೂದಲು ಕೈಗೆ ಬರುತ್ತದೆ. ಬಾಲದ ಕೂದಲು ಬೆಳೆಯುವುದು ತಿಂಗಳಿಗೆ ಒಂದು ಅಂಗುಲದ ಆಸುಪಾಸು. ಬುಡದಿಂದ ಕಿತ್ತ ಎಳೆ ಮತ್ತೆ ಗೊರಸಿನ ಹತ್ತಿರಕ್ಕೆ ಇಳಿಯಲು ವರ್ಷಗಳೇ ಬೇಕು. ಅವಸರದ ಕೈ ಒಂದೇ ಬೆಳಿಗ್ಗೆಯಲ್ಲಿ ಬಾಲವನ್ನು ಇಲಿಬಾಲ ಮಾಡಿಬಿಡಬಲ್ಲದು.

ಸಿಕ್ಕು ಬಿಟ್ಟ ಮೇಲೆ ಉಗುರುಬೆಚ್ಚಗಿನ ನೀರಿನ ಬಕೆಟ್ಟನ್ನು ಎತ್ತಿ ಹಿಡಿದು ಬಾಲವನ್ನು ಅದರೊಳಗೆ ಮುಳುಗಿಸಿ ಅಲುಗಿಸುವುದು. ಮೊದಲ ನೀರು ಚಹಾದ ಬಣ್ಣಕ್ಕೆ ಬರುತ್ತಿತ್ತು, ಎರಡನೆಯದು ತಿಳಿ. ಅಂಟುವಾಳದ ನೊರೆಯನ್ನು ಅಂಗೈಗಳ ನಡುವೆ ಹಿಡಿದು ಒತ್ತುತ್ತಾ ಇಳಿಸಬೇಕು, ಉಜ್ಜಬಾರದು. ಉಜ್ಜಿದರೆ ಉಣ್ಣೆಯಂತೆ ಗಂಟುಗಟ್ಟುತ್ತದೆ. ಬಾಲದ ಮೂಳೆಯ ಮೇಲಿನ ಚರ್ಮಕ್ಕೆ ಮಾತ್ರ ಬೆರಳ ತುದಿಯಿಂದ ತಿಕ್ಕು ಬೇಕು, ಹೊಟ್ಟು ಕೂರುವುದು ಅಲ್ಲಿಯೇ. ಅಲ್ಲಿ ನೊರೆ ಉಳಿದರೆ ತುರಿಕೆ. ತುರಿಕೆಯಾದರೆ ಕುದುರೆ ಗೋಡೆಗೆ ಹಿಂಬದಿ ಉಜ್ಜುತ್ತದೆ, ಕೂದಲು ಮುರಿಯುತ್ತದೆ, ಪಟ್ಟ ಪಾಡೆಲ್ಲ ದಂಡ.

ಕೊನೆಯದು ನೀಲಿ. ಗಂಟನ್ನು ಬಕೆಟ್ ನೀರಿನಲ್ಲಿ ಎರಡು ಸುತ್ತು ತಿರುಗಿಸಿ ಎತ್ತಿ, ಬೊಗಸೆಯಲ್ಲಿ ನೀರು ತೆಗೆದು ನೋಡಬೇಕು. ಬಕೆಟ್ಟಿನಲ್ಲಿ ಕಾಣುವ ನೀಲಿ ಬೊಗಸೆಯಲ್ಲಿ ಕಂಡೂ ಕಾಣದಂತಿರಬೇಕು. ಬೊಗಸೆಯಲ್ಲೂ ಎದ್ದು ಕಂಡರೆ ನೀರು ಚೆಲ್ಲಿ ಮತ್ತೆ ಕಲಸು. ನೀಲಿ ಕೊಳೆಯನ್ನು ತೆಗೆಯುವುದಿಲ್ಲ. ಉಳಿದ ಹಳದಿ ಛಾಯೆಯ ಎದುರಿಗೆ ಒಂದಿಷ್ಟು ನೀಲಿ ಕೂತಾಗ ಎರಡೂ ಒಂದನ್ನೊಂದು ಅಡಗಿಸಿ ಕಣ್ಣಿಗೆ ಬಿಳಿ ಕಾಣುತ್ತದೆ, ಅಷ್ಟೇ. ಅಂಗಿ, ಪಂಚೆಗಳಿಗೆ ನಡೆಯುವ ಉಪಾಯವೇ ಬಾಲಕ್ಕೂ ನಡೆಯುತ್ತದೆ. ಕೊಳೆ ಹೋಗದ ಬಾಲಕ್ಕೆ ನೀಲಿ ಹಾಕಿದರೆ ಕೆಸರು ಹಸಿರು. ಅತಿಯಾದರೆ ನೇರಳೆ.

ನೀರಿನ ವಿಚಾರವೂ ದೊಡ್ಡದೇ ಇತ್ತು. ಹೆಸರಘಟ್ಟದ ನೀರು ನಗರಕ್ಕೆ ಬಂದದ್ದು 1896ರಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯ ಮೊದಲ ಹಂತ 1974ರಲ್ಲಿ. ಲಾಯದ ಓಣಿಯ ಬೀದಿ ನಲ್ಲಿಯಲ್ಲಿ ಕುಡಿಯಲು ಹಿಡಿಯುವುದೇ ಸಾಹಸ, ಬಾಲ ತೊಳೆಯಲು ಯಾರು ಬಿಡುತ್ತಾರೆ? ಉಳಿದದ್ದು ಬಾವಿ ನೀರು, ಗಡಸು. ಗಡಸು ನೀರಿನಲ್ಲಿ ಬಾರ್ ಸೋಪು ನೊರೆಯಾಗುವುದಿಲ್ಲ, ಜಿಡ್ಡುಗಟ್ಟಿ ಕೂದಲಿಗೆ ಮೆತ್ತಿಕೊಳ್ಳುತ್ತದೆ, ಆ ಜಿಡ್ಡಿಗೆ ಮತ್ತೆ ಧೂಳು. ಅದಕ್ಕೇ ಮಳೆಗಾಲದಲ್ಲಿ ಚಾಚಾ ಹೆಂಚಿನ ಅಂಚಿಗೆ ಡ್ರಮ್ಮು ಇಟ್ಟು ಮಳೆನೀರು ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ಕೊನೆಯ ನೀರಿಗೆ ಒಂದೆರಡು ನಿಂಬೆಹಣ್ಣಿನ ರಸ. ಮಾರ್ಕೆಟ್ಟಿನಲ್ಲಿ ಸಂಜೆಗೆ ಉಳಿದ, ಸಿಪ್ಪೆ ಒಣಗಿದ ಹಣ್ಣು ಅಗ್ಗಕ್ಕೆ ಸಿಗುತ್ತಿತ್ತು. ಹುಳಿ ಆ ಜಿಡ್ಡನ್ನು ಬಿಡಿಸುತ್ತದೆ, ಕೂದಲು ನುಣುಪಾಗುತ್ತದೆ.

ಇನ್ನು ನಮ್ಮ ಕೆಮ್ಮಣ್ಣು. ಬೆಂಗಳೂರಿನ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ತುಕ್ಕಿನ ಬಣ್ಣವೇ. ಒಣಗಿದ್ದಾಗ ಅದು ಬಡವ, ಒದ್ದೆ ಕೂದಲಿಗೆ ತಾಗಿದರೆ ಒಡೆಯ. ಮಣ್ಣು ಮೆತ್ತಿದ ಬಾಲವನ್ನು ತಕ್ಷಣ ನೀರಿಗೆ ಹಾಕದೆ, ಒಣಗಲು ಬಿಟ್ಟು ಕೊಡವಬೇಕೆಂಬುದು ಚಾಚಾ ಹೇಳಿಕೊಟ್ಟದ್ದು. ಕೊಬ್ಬರಿ ಎಣ್ಣೆಯ ಆಸೆಯನ್ನು ಬಿಡಿಸಿದ್ದೂ ಅವರೇ. ಹೊಳಪಿಗೆಂದು ಬಾಲಕ್ಕೆ ಎಣ್ಣೆ ಸವರಿ ಹಳೇ ಮದ್ರಾಸ್ ರಸ್ತೆಗೆ ಇಳಿಸಿದರೆ ಹಲಸೂರು ದಾಟುವಷ್ಟರಲ್ಲಿ ಅದು ಇಟ್ಟಿಗೆ ಬಣ್ಣ. ಹುಲ್ಲಿನ ಗಾಡಿಗಳು ಬರುತ್ತಿದ್ದುದೂ ಅದೇ ರಸ್ತೆಯಲ್ಲಿ, ಹೊಸಕೋಟೆ, ಕೆ.ಆರ್. ಪುರದ ಕಡೆಯಿಂದ. ಆಗಿನ್ನೂ ಇಂದಿರಾನಗರದಲ್ಲಿ ಖಾಲಿ ಸೈಟುಗಳು ಸಾಲುಸಾಲಾಗಿದ್ದವು. ಅಲ್ಲಿಂದ ಗರಿಕೆ ಕೊಯ್ದು ತರುವುದು ರಜಾದಿನಗಳಲ್ಲಿ ಹುಡುಗನ ಕೆಲಸವಾಯಿತು.

ಬಾಲ ಒಣಗಿದ ಮೇಲೆ ಸಡಿಲ ಜಡೆ ಹೆಣೆದು, ಮಡಿವಾಳರ ಮನೆಯಲ್ಲಿ ಯಾರೂ ಕೇಳದೆ ಉಳಿದ ಹಳೇ ಮಸ್ಲಿನ್ ಬಟ್ಟೆಯ ಚೀಲ ಹಾಕುತ್ತಿದ್ದರು. ಅದನ್ನು ಕಟ್ಟುವುದು ಬಾಲದ ಮೂಳೆ ಮುಗಿದ ಜಾಗದಿಂದ ಕೆಳಗೆ, ಬರೀ ಕೂದಲಿಗೆ. ಮೂಳೆಯ ಸುತ್ತ ಬಿಗಿಯಾಗಿ ಪಟ್ಟಿ ಸುತ್ತಿ ರಾತ್ರಿಯೆಲ್ಲ ಬಿಟ್ಟರೆ ರಕ್ತ ಓಡುವುದು ನಿಂತು ಬಾಲವೇ ಸತ್ತುಹೋಗಬಹುದು. ಮೆರವಣಿಗೆಯ ಹಿಂದಿನ ದಿನ ಮಾತ್ರ ಚೀಲ. ಉಳಿದ ದಿನ ಬಾಲ ಬಿಡುಬೀಸಾಗಿರಬೇಕು ಎಂಬುದು ಚಾಚಾರ ಕಟ್ಟುನಿಟ್ಟು. ನೊಣ ಓಡಿಸಲು ಕುದುರೆಗೆ ಮುಖ್ಯವಾಗಿ ಬೇಕಾದದ್ದು ಅದೇ. ಇಂಗ್ಲೆಂಡಿನಲ್ಲಿ ಅಂದಕ್ಕಾಗಿ, ಸಾಜಿಗೆ ಅಡ್ಡ ಬರುತ್ತದೆಂದು ಕುದುರೆಯ ಬಾಲವನ್ನು ಮೂಳೆಸಹಿತ ಕತ್ತರಿಸುವ ಪದ್ಧತಿಯಿತ್ತು. ಅದನ್ನು ಕಾನೂನು ತಂದು ನಿಲ್ಲಿಸಿದ್ದು 1949ರಲ್ಲಿ. ಆ ಕಾನೂನು ಅಷ್ಟು ತಡವಾಗಿ ಬಂದದ್ದು ದುಃಖದ ಸಂಗತಿ.

ಇಷ್ಟೆಲ್ಲ ಮಾಡಿದರೂ ಮೂರನೆಯ ದಿನಕ್ಕೆ ಬಾಲ ಮತ್ತೆ ಹಳದಿಗೆ ತಿರುಗುತ್ತಿತ್ತು. ತಂದೆಯೇ ಕೊನೆಗೆ ಲಾಯದ ನೆಲ ನೋಡಿದರು. ಮೋತಿ ನಿಲ್ಲುತ್ತಿದ್ದ ಮೂಲೆಯ ಚಪ್ಪಡಿ ಕಲ್ಲು ತಗ್ಗಾಗಿತ್ತು. ಉಚ್ಚೆ ಹರಿದು ಹೋಗುವ ಬದಲು ಅಲ್ಲೇ ಮಡುಗಟ್ಟುತ್ತಿತ್ತು. ಕಲ್ಲೆಬ್ಬಿಸಿ, ಕೆಳಗೆ ಜಲ್ಲಿ ತುಂಬಿ, ಹೊರಮೋರಿಯ ಕಡೆಗೆ ವಾಟ ಕೊಟ್ಟು ಮತ್ತೆ ಕೂರಿಸಿದರು. ಮೇಲೆ ಮರದ ಮಿಲ್ಲಿನ ಹೊಟ್ಟು, ಅದರ ಮೇಲೆ ಭತ್ತದ ಹುಲ್ಲು. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ಲದ್ದಿ, ಒದ್ದೆ ಹುಲ್ಲು ತೆಗೆಯುವುದು ಕಡ್ಡಾಯವಾಯಿತು. ಅಲ್ಲಿಂದ ಮುಂದೆ ನೀಲಿಯ ಖರ್ಚು ತಾನೇ ಇಳಿಯಿತು.

ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿ ಕುದುರೆಗಳ ಕಥೆ ಆ ಓಣಿಗಿಂತ ಬಹಳ ಹಳೆಯದು. 1809ರಲ್ಲಿ ಕಂಟೋನ್ಮೆಂಟ್ ಹುಟ್ಟಿದಾಗಿನಿಂದ ಇಲ್ಲಿ ಅಶ್ವದಳಗಳು ಬೀಡುಬಿಟ್ಟವು. ಇಂದಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆಯಾಗಿತ್ತು. 1896ರಲ್ಲಿ ನಾಲ್ಕನೆಯ ಹುಸಾರ್ಸ್ ಪಡೆಯ ಜೊತೆ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೆ ಪೋಲೋ ಆಡಲು ಸಿಕ್ಕಿದ್ದೂ ಇಲ್ಲಿನ ಮೈದಾನಗಳೇ. ಅಶ್ವದಳಗಳಲ್ಲಿ ಕಹಳೆ ಊದುವವನಿಗೆ ಬಿಳಿ ಕುದುರೆ ಕೊಡುವ ಪದ್ಧತಿ. ದಳದ ಕಂದು ಕುದುರೆಗಳ ನಡುವೆ, ಧೂಳು ಹೊಗೆಯಲ್ಲೂ ಅವನು ದೊರೆಗೆ ಕಾಣಬೇಕಲ್ಲ. ದೆಹಲಿಯಲ್ಲಿ ರಾಷ್ಟ್ರಪತಿಗಳ ಅಂಗರಕ್ಷಕ ದಳದ ಕಹಳೆಯವನು ಇಂದಿಗೂ ಬಿಳಿ ಕುದುರೆಯ ಮೇಲೇ ಬರುತ್ತಾನೆ. ಆ ಒಂದು ಬಾಲವನ್ನು ತೊಳೆದ ಸೈಸರ, ಎಂದರೆ ಕುದುರೆಯಾಳುಗಳ, ಹೆಸರು ಯಾವ ದಫ್ತರದಲ್ಲೂ ಎದ್ದು ಕಾಣುವುದಿಲ್ಲ. ಕೈಗಳಂತೂ ಅವರವೇ.

ಶಿರಾಜಿನಿಂದ 1824ರಲ್ಲಿ ಕುದುರೆಗಳ ಹಿಂಡಿನೊಂದಿಗೆ ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರ್, ಮೈಸೂರು ಅರಮನೆಗೂ ಬ್ರಿಟಿಷ್ ಅಧಿಕಾರಿಗಳಿಗೂ ಕುದುರೆ ಮಾರಿ ಇಲ್ಲೇ ನೆಲೆನಿಂತರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಅಲಿ ಅಸ್ಕರ್ ರಸ್ತೆಯಲ್ಲಿ ಓಡಾಡುವ ಎಷ್ಟು ಜನಕ್ಕೆ ಅದು ಒಬ್ಬ ಕುದುರೆ ವ್ಯಾಪಾರಿಯ ಹೆಸರೆಂದು ಗೊತ್ತಿದೆಯೋ! ಅವರ ತಾಯ್ನಾಡು ಪರ್ಷಿಯಾದಲ್ಲಿ ಷಾ ಅವರ ಬಿಳಿ ಕುದುರೆಗಳ ಬಾಲವನ್ನು ಬೆಳ್ಳಗೆ ಬಿಡುತ್ತಿರಲಿಲ್ಲ. ಕಡುಗೆಂಪು, ನೇರಳೆ ಬಣ್ಣ ಕಟ್ಟುತ್ತಿದ್ದರು. ಆ ಬಣ್ಣದ ಬಾಲವೇ ರಾಜಮರ್ಯಾದೆಯ ಗುರುತು.

ಆ ಪದ್ಧತಿಯ ದೂರದ ನೆಂಟನಂತೆ ಶಿವಾಜಿನಗರದ ಲಾಯಗಳಲ್ಲೂ ಮದರಂಗಿಯಿತ್ತು. ಎಷ್ಟು ತೊಳೆದರೂ ಬಿಡದ ಬಾಲದ ತುದಿಗೆ ಮದರಂಗಿ ಮೆತ್ತಿ, ಮೊಣಕಾಲಿಗೂ ಒಂದು ಪಟ್ಟೆ ಎಳೆದರೆ ಕಲೆ ಹೋಗಿ ಸಿಂಗಾರವಾಗುತ್ತಿತ್ತು. ಚಾಚಾ ಹಬ್ಬಕ್ಕೆ ಒಪ್ಪುತ್ತಿದ್ದರು, ಸೀಸನ್ನಿನಲ್ಲಿ ಬೇಡವೆನ್ನುತ್ತಿದ್ದರು. ಮದರಂಗಿಯ ಬಣ್ಣ ಕೆರಾಟಿನ್ನಿಗೇ ಅಂಟಿಕೊಳ್ಳುತ್ತದೆ. ಆ ಕೂದಲು ಬೆಳೆದು ಕತ್ತರಿಗೆ ಸಿಗುವವರೆಗೂ ಹೋಗುವುದಿಲ್ಲ.

ಮೋತಿ ಹುಟ್ಟಾ ಬಿಳಿಯಲ್ಲ. ಕುದುರೆಯವರು ಹುಟ್ಟಿನಿಂದಲೇ ಬಿಳಿಯಾಗಿ, ಚರ್ಮವೂ ಗುಲಾಬಿಯಾಗಿರುವುದನ್ನು ನುಕ್ರಾ ಎನ್ನುತ್ತಾರೆ, ಬೂದು ಬಣ್ಣದ್ದನ್ನು ಸಬ್ಜಾ. ಮೋತಿಯ ಮೂತಿ, ಬಾಲದ ಕೆಳಗಿನ ಚರ್ಮ ಎಲ್ಲ ಕಪ್ಪು. ಮರಿಯಾಗಿದ್ದಾಗ ಅದು ಕಪ್ಪಗೇ ಇತ್ತು, ವರ್ಷ ಕಳೆದಂತೆ ಬೂದಾಗಿ ಆಮೇಲೆ ಬೆಳ್ಳಗಾಯಿತು ಎಂದು ಚಾಚಾ ಹೇಳಿದರೆ ಹುಡುಗ ನಂಬುತ್ತಿರಲಿಲ್ಲ. ಅದು ನಿಜ. ಲೋಕದ ಬಿಳಿ ಕುದುರೆಗಳಲ್ಲಿ ಬಹುಪಾಲು ಹೀಗೆ ಬಣ್ಣ ಕಳೆದುಕೊಂಡವೇ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ 2008ರಲ್ಲಿ ಇದರ ಮೂಲ ಹಿಡಿಯಿತು: ಎಸ್‌ಟಿಎಕ್ಸ್17 ಎಂಬ ವಂಶವಾಹಿಯಲ್ಲಿ ಒಂದು ತುಣುಕು ಎರಡು ಸಲ ಬಂದಿರುತ್ತದೆ, ಆ ಬದಲಾವಣೆ ಒಂದೇ ಪೂರ್ವಜ ಕುದುರೆಯಿಂದ ಹರಡಿದ್ದು. ಕೂದಲನ್ನು ಬೆಳ್ಳಗೆ ಮಾಡುವ ಅದೇ ತುಣುಕು ಚರ್ಮದಲ್ಲಿ ಮೆಲನೋಮಾ ಎಂಬ ಕಪ್ಪು ಗಂಟುಗಳನ್ನೂ ತರುತ್ತದೆ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 70ರಿಂದ 80ರಷ್ಟಕ್ಕೆ ಆ ಗಂಟುಗಳಿರುತ್ತವೆ. ಅವು ಮೊದಲು ಕಾಣಿಸಿಕೊಳ್ಳುವ ಜಾಗ ಹೆಚ್ಚಾಗಿ ಬಾಲದ ಕೆಳಗೇ.

ಮೋತಿಯ ಬಾಲದ ಅಡಿಯಲ್ಲಿ ಬಟಾಣಿ ಕಾಳಿನಂಥದ್ದು ಬೆರಳಿಗೆ ತಾಗಿದಾಗ ಹುಡುಗನಿಗೆ ಹದಿಮೂರೋ ಹದಿನಾಲ್ಕೋ. ನೊರೆ ಒತ್ತುತ್ತಿದ್ದ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಇನ್ನೊಂದು. ಗಟ್ಟಿ, ನುಣುಪು, ಮುಟ್ಟಿದರೆ ಮೋತಿಗೆ ನೋವಿಲ್ಲ. ಚಾಚಾ ಹೆಬ್ಬೆರಳಿನಿಂದ ತಡವಿ ನೋಡಿದವರು ಏನೂ ಮಾತಾಡದೆ ಬೀಡಿ ಹಚ್ಚಿದರು. ಮರುದಿನ ಮೂವರೂ ಮೋತಿಯನ್ನು ಹಿಡಿದುಕೊಂಡು ಪಶುವೈದ್ಯರ ಹತ್ತಿರ ನಡೆದರು. ವೈದ್ಯರು ನೋಡಿ, ಬಿಳಿ ಕುದುರೆಗೆ ವಯಸ್ಸಾದಂತೆ ಇವು ಬರುತ್ತವೆ, ಬೆಳೆಯುವುದು ನಿಧಾನ, ಈಗ ಕೊಯ್ಯುವುದು ಬೇಡ ಎಂದರು. ಒಡೆದರೆ, ಬೇಗ ಬೆಳೆದರೆ, ಲದ್ದಿ ಹಾಕಲು ತೊಂದರೆಯಾದರೆ ಕೂಡಲೇ ತನ್ನಿ. ಸಾಜಿನ ಹಿಂಪಟ್ಟಿಯನ್ನು ಬಾಲದಡಿ ಹಾಕುವುದನ್ನು ಇಂದೇ ನಿಲ್ಲಿಸಿ.

ಚಾಚಾ ಹಿಂಪಟ್ಟಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದರು. ಮುಂದೆ ಮೋತಿಯ ಜೀನು ಕಟ್ಟುವ ರೀತಿಯೇ ಬದಲಾಯಿತು. ಬಾಲ ತೊಳೆಯುವ ದಿನ ಹುಡುಗ ಗಂಟುಗಳ ಅಳತೆಯನ್ನು ತನ್ನ ಉಗುರಿಗೆ ಹೋಲಿಸಿ, ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚುಕ್ಕೆ ಹಾಕಿಡುತ್ತಿದ್ದ. ತೊಳೆಯದೆ ಬಣ್ಣ ಬಳಿದ, ಪೌಡರ್ ಉದುರಿಸಿ ಮೆರವಣಿಗೆಗೆ ಬಿಟ್ಟ ಕುದುರೆಗಳಲ್ಲಿ ಈ ಗಂಟುಗಳನ್ನು ಯಾರು ನೋಡುತ್ತಾರೆ ಎಂಬ ಕಳವಳ ಆ ಹುಡುಗನಾಗಿದ್ದ ಅವರಿಗೆ ಅಂದಿನಿಂದ ಇಂದಿನವರೆಗೂ ಇದೆ. ಬರೆಯುವವರಿಗೂ ಅದು ದೊಡ್ಡ ಮಾತೆಂದೇ ಅನ್ನಿಸುತ್ತದೆ. ಬೆಳ್ಳಗಿನ ಬಾಲ ಮದುವೆ ಮನೆಯವರಿಗೆ ಬೇಕು, ಫೋಟೋದವರಿಗೆ ಬೇಕು. ಅದನ್ನು ಬೆಳ್ಳಗಿಡಲು ವಾರವಾರ ಕುದುರೆಯ ಹಿಂಬದಿಗೆ ಹೋಗುವ ಕೈ ಮಾತ್ರ ಕುದುರೆಗೆ ಬೇಕು.

ಮೋತಿ ಇನ್ನೂ ಕೆಲವು ಸೀಸನ್ ಮದುವೆಗೆ ಹೋಯಿತು, ಆಮೇಲೆ ಲಾಯದಲ್ಲೇ ಉಳಿಯಿತು. ಚಾಚಾ ಅದನ್ನು ಮಾರಲಿಲ್ಲ. ಮುಂದೆ ಅವರು ಕೊಂಡದ್ದು ಕುಮೈತ್, ಕಂದು ಮೈ, ಕಪ್ಪು ಬಾಲ.

ಆ ಓಣಿಯಲ್ಲಿ ಈಗ ಲಾಯವಿಲ್ಲ. ಹಲಸೂರು, ಇಂದಿರಾನಗರಗಳ ನೆತ್ತಿಯ ಮೇಲೆ 2011ರಿಂದ ಮೆಟ್ರೋ ಓಡುತ್ತಿದೆ. ಆದರೂ ಮದುವೆ ದಿನಗಳಲ್ಲಿ ಶಿವಾಜಿನಗರ, ಟ್ಯಾನರಿ ರಸ್ತೆಯ ಕಡೆ ಬ್ಯಾಂಡ್ ಸೆಟ್ಟಿನ ಹಿಂದೆ ಬಿಳಿ ಕುದುರೆ ಬರುವುದು ನಿಂತಿಲ್ಲ. ನೀಲಿಯ ಗಂಟಿನ ಜಾಗಕ್ಕೆ ನೇರಳೆ ಬಣ್ಣದ ಶಾಂಪೂ ಬಂದಿದೆ. ನರೆಗೂದಲಿನ ಹಳದಿ ಹೋಗಲಾಡಿಸಲು ಜನ ಹಾಕಿಕೊಳ್ಳುವುದೂ ಅಂಥದ್ದೇ. ಕೆಲಸ ಮಾಡುವ ಬಗೆ ಹಳೆಯ ನೀಲಿಯದೇ, ಬೆಲೆ ಮಾತ್ರ ಬೇರೆ.

ಈಚೆಗೆ ಆ ನಿವೃತ್ತರು ಟ್ಯಾನರಿ ರಸ್ತೆಯ ಬದಿ ನಿಂತಿದ್ದ ಒಂದು ಬಿಳಿ ಕುದುರೆಯ ಹತ್ತಿರ ಹೋಗಿ, ಹಿಡಿದುಕೊಂಡಿದ್ದ ಹುಡುಗನ ಜೊತೆ ಮಾತಿಗಿಳಿದರು. ಬಾಲ ಚೆನ್ನಾಗಿ ತೊಳೆದಿತ್ತು, ತುದಿಯಲ್ಲಿ ಒಂದಿಷ್ಟು ನೇರಳೆ ಉಳಿದಿತ್ತು. "ಎಷ್ಟು ವಯಸ್ಸಪ್ಪಾ ಇದಕ್ಕೆ?" "ಹದಿನಾರು ಅಂಕಲ್." "ಬಾಲದ ಕೆಳಗೆ ಕೈ ಹಾಕಿ ನೋಡಿದ್ದೀಯಾ, ಗಂಟುಗಿಂಟು ಏನಾದ್ರೂ?" ಹುಡುಗ ಒಂದು ಕ್ಷಣ ಅವರ ಮುಖ ನೋಡಿದ. "ಇದೆ ಅಂಕಲ್, ಎರಡಿದೆ. ಕೊಳೆ ಅಂದ್ಕೊಂಡು ಉಜ್ತಾ ಇದ್ದೆ." ಉಜ್ಜಬೇಡ ಎಂದು ಹೇಳಿ ಅವರು ಅಲ್ಲೇ ನಿಂತು ಅವನ ಮಾಲೀಕನಿಗೆ ಫೋನ್ ಮಾಡಿಸಿದರು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು 1958ರಿಂದಲೂ ಇದೆ, ಟ್ಯಾನರಿ ರಸ್ತೆಯಿಂದ ಬಹಳ ದೂರವೇನಲ್ಲ. ಸೋಮವಾರ ಬೆಳಿಗ್ಗೆ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ತಾವೂ ಬರುವುದಾಗಿ ಹೇಳಿ ಅವರು ಹುಡುಗನ ನಂಬರ್ ಬರೆದುಕೊಂಡರು.